ಒಳ್ಳೆಮೆಣಸಿನ ವಡೆ

ಅಜ್ಜನ ತಿಥಿಯೆಂದರೆ ಮಕ್ಕಳಾದ ನಮಗೆ ಹಸಿವಿನ ದಿನ. ಪಿಂಡವನ್ನು ಕಾಗೆ ಮುಟ್ಟಬೇಕು, ಭಟ್ಟರ ಊಟ ಮುಗಿಯಬೇಕು, ಆಮೇಲೆ ನಮ್ಮ ಪಂಕ್ತಿ. ಗಂಟೆ ಮೂರಾಗುತ್ತಿತ್ತು. ಅಷ್ಟು ಹೊತ್ತೂ ಒಳಗಿನಿಂದ ಉದ್ದಿನ ವಡೆಯ ಪರಿಮಳ ಬರುತ್ತಲೇ ಇರುತ್ತಿತ್ತು. ಆ ವಡೆಗೆ ಮೆಣಸಿನಕಾಯಿ ಇಲ್ಲ. ಕಚ್ಚಿದರೆ ಹಲ್ಲಿಗೆ ಸಿಗುತ್ತಿದ್ದುದು ಅರೆಬರೆ ಜಜ್ಜಿದ ಒಳ್ಳೆಮೆಣಸು.

ಸಾರಿಗೂ ಅದರದೇ ಖಾರ. ಪಲ್ಯಕ್ಕೆ ಬಾಳೆಕಾಯಿ, ಹಾಗಲಕಾಯಿ, ಸುವರ್ಣಗಡ್ಡೆ. ಬಟಾಟೆ, ಟೊಮೆಟೊ, ಎಲೆಕೋಸು ಆ ದಿನ ನಮ್ಮ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಯಾಕೆಂದರೆ ಅಜ್ಜಿಯದು ಒಂದೇ ಉತ್ತರ: “ಅದೆಲ್ಲ ಪಿತೃಗಳಿಗೆ ಆಗುದಿಲ್ಲ ಮಗಾ.”

ಆಗುವುದಾದರೂ ಹೇಗೆ? ಪಿತೃಗಳಿಗೆ ಅವುಗಳ ಪರಿಚಯವೇ ಇರಲಿಲ್ಲವಲ್ಲ! ಮೆಣಸಿನಕಾಯಿ, ಬಟಾಟೆ, ಟೊಮೆಟೊ ಮೂರೂ ಅಮೆರಿಕ ಖಂಡದ ಬೆಳೆಗಳು. ಪೋರ್ತುಗೀಸರು ಗೋವೆ ಹಿಡಿದದ್ದು 1510ರಲ್ಲಿ. ಮೆಣಸಿನಕಾಯಿ ನಮ್ಮ ಪಡುವಣ ಕರಾವಳಿಗೆ ಇಳಿದದ್ದು ಅದೇ ಶತಮಾನದಲ್ಲಿ, ಅವರ ಹಡಗುಗಳಿಂದ. ಉಳಿದೆರಡು ನಮ್ಮ ಒಲೆಯ ಬುಡಕ್ಕೆ ಬಂದದ್ದು ಇನ್ನೂ ತಡವಾಗಿ. ಉಡುಪಿಯ ಹೆಸರನ್ನು ಊರೂರಿಗೆ ಒಯ್ದ ಮಸಾಲೆದೋಸೆಯ ಹೊಟ್ಟೆಯಲ್ಲಿರುವುದು ಆಂಡೀಸ್ ಬೆಟ್ಟಗಳ ಗಡ್ಡೆ.

ಬಂದವನು ಹೆಸರನ್ನೂ ಬಿಡಲಿಲ್ಲ. ಮೆಣಸು ಎಂದರೆ ಮೊದಲು ಬಳ್ಳಿಯ ಕಾಳೇ. ಈಗ ನಮ್ಮ ಕಡೆ ಅಂಗಡಿಯಲ್ಲಿ ಬರೀ ‘ಮೆಣಸು’ ಎಂದರೆ ಕೆಂಪು ಕಾಯಿ ತೂಗುತ್ತಾರೆ. ಹಳಬನನ್ನು ಕರೆಯಲು ‘ಒಳ್ಳೆ’ ಸೇರಿಸಬೇಕು. ಆ ‘ಒಳ್ಳೆ’ಯಲ್ಲಿ ಯಾರದೋ ಮುತ್ತಜ್ಜಿಯ ತಕರಾರು ಇದ್ದಂತೆ ನನಗೆ ಕೇಳಿಸುತ್ತದೆ. ಹಾಗಂತ ಬ್ಯಾಡಗಿಯ ಮೇಲೆ ನನಗೆ ಮುನಿಸೇನಿಲ್ಲ. ನೀರುದೋಸೆಗೆ ಕೆಂಪು ಚಟ್ನಿ ಇಲ್ಲದಿದ್ದರೆ ಮುಖ ಊದಿಸುವವನೇ ನಾನು.

ಎರಡನೆಯ ಚಾವುಂಡರಾಯ ಸುಮಾರು 1025ರಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಇಡ್ಲಿ ಮಾಡುವ ಬಗೆಯಿದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆದು, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರೆಸಬೇಕು. ಅಕ್ಕಿಯ ಸುದ್ದಿಯೇ ಇಲ್ಲ. ಅದನ್ನು ತಿಳಿದಾಗ ನನಗೆ ನೆನಪಾದದ್ದು ಹೋಟೆಲಿನ ಬಿಳಿ ಇಡ್ಲಿಯಲ್ಲ, ಅಜ್ಜಿಯ ಕಡೆಯುವ ಕಲ್ಲಿನ ಸುತ್ತ ಉಬ್ಬಿ ನಿಂತ ವಡೆಯ ಹಿಟ್ಟು. ಒಂದಕ್ಷರ ಓದದ ಅವಳು, ಆ ಕಾಲದ ರುಚಿಯನ್ನು ಒದ್ದೆ ಸೀರೆಯ ಮಡಿಯಲ್ಲಿ ಕಾಯ್ದಿದ್ದಳು. ಮಡಿಯ ಕಟ್ಟುನಿಟ್ಟು ನಮಗೆಲ್ಲ ಕಿರಿಕಿರಿಯೇ. ಆದರೆ ಅದು ಸಡಿಲವಾದಂತೆ ಅದರೊಳಗಿನ ರುಚಿಯೂ ಸೋರಿಹೋಯಿತು. ಅಮ್ಮನಿಗೆ ಈಗಲೂ ಹದ ಗೊತ್ತು; ಗುಂಡುಕಲ್ಲು ತಿರುಗಿಸಲು ಕೈಯಲ್ಲಿ ಬಲವಿಲ್ಲ. ನನ್ನ ಕೈಯಲ್ಲಿ ಬಲವಿತ್ತು, ಕೇಳಿಕೊಳ್ಳಲಿಲ್ಲ.

ಅಜ್ಜಿಯ ತಿಥಿಯನ್ನು ಈಗ ಪೇಟೆಯಲ್ಲಿ ದುಡ್ಡು ಕಟ್ಟಿ ಮಾಡಿಸುತ್ತೇವೆ. ಹನ್ನೆರಡಕ್ಕೆಲ್ಲ ಎಲೆ ಹಾಕುತ್ತಾರೆ, ಮಕ್ಕಳಿಗೆ ಹಸಿವೂ ಆಗಿರುವುದಿಲ್ಲ. ಕಳೆದ ವರ್ಷ ವಡೆ ಮುರಿದರೆ ಒಳಗೆ ಹಸಿಮೆಣಸಿನ ಚೂರು. ಬಡಿಸುವವನನ್ನು ಕೇಳಿದೆ. “ಒಳ್ಳೆಮೆಣಸಿನ ರೇಟು ಗೊತ್ತುಂಟಲ್ಲ ಸಾರ್” ಎಂದು ನಕ್ಕು ಮುಂದಿನ ಎಲೆಗೆ ಹೋದ.

ವಡೆ ಗರಿಗರಿಯಾಗಿತ್ತು, ಇನ್ನೊಂದು ಹಾಕಿಸಿಕೊಂಡೆ. ಅಜ್ಜಿಯ ಹೆಸರಿನಲ್ಲಿ ಇಟ್ಟ ಎಲೆಯಲ್ಲೂ ಅದೇ ವಡೆ ಎರಡಿದ್ದವು.