ತಿಂಗಳಿಗೊಂದು ಸಂಜೆ, ಭಾಗ 4
ದೋಸ್ತ್ರ, ಬೆಂಗಳೂರಿನ ಚಿತ್ರಸಂತೆ ಫೋಟೋ ಕಳಿಸಿ ‘ನಿಮ್ಮೂರಾಗ ಇಂಥಾದ್ದು ಏನೈತಿ?’ ಅಂತ ಕೇಳಿದ್ರಲ್ಲ, ಉತ್ತರ ಇಲ್ಲೈತಿ. ಅಲ್ಲಿ ಕುಮಾರಕೃಪಾ ರಸ್ತೆ ವರ್ಷಕ್ಕೆ ಒಂದು ಭಾನುವಾರ ಗ್ಯಾಲರಿ ಆಗತೈತಿ. ಐಹೊಳೆಯೊಳಗ ನಾವು ತಿಂಗಳಿಗೊಂದು ಸಂಜೆ ನಡೀತೀವಿ.

ಮೊದಲು ರಾವಣಫಡಿ. ಬಂಡೆ ಕೊರೆದ ಗುಹೆಯೊಳಗ ಕುಣಿಯೋ ಶಿವ, ಜೊತೆಗೆ ಸಪ್ತಮಾತೃಕೆಯರು. ಆಮೇಲೆ ದುರ್ಗ ಗುಡಿ. ಆ ಹೆಸರು ದುರ್ಗಾದೇವಿಯಿಂದ ಬಂದಿದ್ದಲ್ಲ, ಕೋಟೆಯಿಂದ ಬಂದದ್ದು. ಗುಡಿಯ ಹಿಂಭಾಗ ದುಂಡಗೈತಿ. ಕಂಬಗಳ ನಡುವ ಸುತ್ತು ಹಾಕಿದ್ರ ಒಂದೊಂದೇ ಮೂರ್ತಿ ಎದುರಾಗತಾವ. ಕಡೀಗೆ ಮೇಗುಟಿ ಗುಡ್ಡ. ಅಲ್ಲಿ 634ರ ಶಾಸನದಾಗ ರವಿಕೀರ್ತಿ ತನ್ನ ಕೀರ್ತಿ ಕಾಳಿದಾಸ, ಭಾರವಿಯರಿಗೆ ಸಮ ಅಂತ ಬರಸ್ಯಾನ.

ಕವಿ ಹೆಸರು ಉಳೀತು. ಕಲ್ಲು ಕೆತ್ತಿದವರೊಳಗ ಬಹಳ ಮಂದಿ ಹೆಸರು ಉಳೀಲಿಲ್ಲ. ಬಿಕಾಂ ಮುಗಿದ್ರ ನಮ್ಮೊಳಗೂ ಅರ್ಧ ಮಂದಿ ಕೆಲಸ ಹುಡುಕ್ಕೊಂತ ಊರು ಬಿಡತೀವಿ. ಆಮೇಲೆ ಬಂದವರಿಗೆ ಇದನ್ನ ಹೇಳೋರು ಯಾರು? ಅದಕ್ಕ ಪ್ರತಿ ಸಲ ಹೈಸ್ಕೂಲಿನ ಒಬ್ಬರನ್ನ ಮುಂದ ಬಿಡತೀವಿ. ಮಾತು ಅವರದು, ನಾವು ಹಿಂದಿಂದ ಕೇಳಕೊಂತ ಹೋಗೋದು.

ಮುಂದಿನ ಸಂಜೆ ನೀವೂ ಬರ್ರಿ. ಒಂದು ಮೂರ್ತಿ ಮುಂದ ಹತ್ತು ನಿಮಿಷ ಸುಮ್ನ ನಿಲ್ರಿ. ಫೋಟೋ ಆಮೇಲೆ.