ಜೋಡಿ ದನಿ

ಅಮೆರಿಕದ ಕಂಟ್ರಿ ಗಾಯಕಿ ಸ್ಕೀಟರ್ ಡೇವಿಸ್‌ಳ 'ದಿ ಎಂಡ್ ಆಫ್ ದಿ ವರ್ಲ್ಡ್' ಕೇಳುವಾಗ ನನ್ನ ಕಿವಿ ಮುಂದಿನ ದನಿಯನ್ನು ಬಿಟ್ಟು ಅದರ ಜೊತೆಗೆ ನಡೆಯುವ ಇನ್ನೊಂದು ದನಿಯ ಬೆನ್ನು ಹತ್ತುತ್ತದೆ. ಎರಡೂ ಆಕೆಯದೇ ಕಂಠ. ಕಂಟ್ರಿ ಸಂಗೀತದ ನೆಲೆಯಾದ ನ್ಯಾಶ್‌ವಿಲ್‌ನ ನಿರ್ಮಾಪಕ ಚೆಟ್ ಆಟ್ಕಿನ್ಸ್, ಆಕೆ ಹಾಡಿದ್ದರ ಮೇಲೆ ಆಕೆಯಿಂದಲೇ ಮತ್ತೊಮ್ಮೆ ಹಾಡಿಸಿ ಕೂಡಿಸಿದ.

ಈ ಜೋಡಿ ದನಿಗೆ ಹಿಂದೊಂದು ಜೋಡಿಯಿತ್ತು. ಕೆಂಟಕಿಯ ಹಳ್ಳಿಗಾಡಿನಲ್ಲಿ ಹುಟ್ಟಿದ ಸ್ಕೀಟರ್‌ಳ ನಿಜನಾಮ ಮೇರಿ ಫ್ರಾನ್ಸಿಸ್ ಪೆನಿಕ್. ಗೆಳತಿ ಬೆಟ್ಟಿ ಜ್ಯಾಕ್ ಡೇವಿಸ್ ಜೊತೆ ಹಾಡುತ್ತ ಅವಳ ಮನೆತನದ ಹೆಸರನ್ನೇ ಇಟ್ಟುಕೊಂಡಳು. ಒಡಹುಟ್ಟಿದವರಲ್ಲದ ಇಬ್ಬರು 'ಡೇವಿಸ್ ಸಿಸ್ಟರ್ಸ್' ಆದರು. 1953ರಲ್ಲಿ ಅವರ ಹಾಡು ಕಂಟ್ರಿ ಪಟ್ಟಿಯ ತುದಿಗೇರಿತು. ಅದೇ ವರ್ಷ ಆಗಸ್ಟ್‌ನಲ್ಲಿ ಕಾರು ಅಪಘಾತವಾಗಿ ಬೆಟ್ಟಿ ಜ್ಯಾಕ್ ತೀರಿಕೊಂಡಳು, ಸ್ಕೀಟರ್ ತೀವ್ರ ಗಾಯಗಳೊಂದಿಗೆ ಉಳಿದಳು. ಗೆಳತಿ ಇರಬೇಕಾಗಿದ್ದ ಜಾಗದಲ್ಲಿ ವರ್ಷಗಳ ನಂತರ ತಾನೇ ನಿಂತು ಹಾಡಿದಳು. 'ದಿ ಎಂಡ್ ಆಫ್ ದಿ ವರ್ಲ್ಡ್'ನ ಪದಗಳಿಗೂ ಸಾವಿನ ನಂಟಿದೆ: ಪ್ರೇಮಭಂಗದ ಹಾಡೆಂದು ನಾವು ಕೇಳುವ ಅದನ್ನು ಸಿಲ್ವಿಯಾ ಡೀ ಬರೆದದ್ದು ತಂದೆ ತೀರಿಕೊಂಡ ದುಃಖವನ್ನು ನೆನೆದು.

1963ರಲ್ಲಿ ಅದು ಅಮೆರಿಕದ ಪಾಪ್ ಪಟ್ಟಿಯಲ್ಲೂ ಕಂಟ್ರಿ ಪಟ್ಟಿಯಲ್ಲೂ ಎರಡನೆಯ ಸ್ಥಾನ ತಲುಪಿತು. ಕಪ್ಪು ಜನರ ಸಂಗೀತದ ಆರ್ ಅಂಡ್ ಬಿ ಪಟ್ಟಿಯಲ್ಲೂ ನಾಲ್ಕನೆಯದಾಯಿತು. ಬಣ್ಣ ನೋಡಿ ಬಾಗಿಲು ತೆರೆಯುತ್ತಿದ್ದ ದೇಶದಲ್ಲಿ ಹಳ್ಳಿಯ ದನಿಯೊಂದು ಎಲ್ಲ ಬಾಗಿಲುಗಳನ್ನೂ ದಾಟಿತು. ಅದೇ ವರ್ಷ ಗೀತರಚನೆಕಾರರಾದ ಗಾಫಿನ್ ಮತ್ತು ಕಿಂಗ್ ಬರೆದ, ಆಕೆಯ ಇನ್ನೊಂದು ಹಾಡು ಪಾಪ್‌ನಲ್ಲಿ ಏಳಕ್ಕೇರಿತು. ಮರುವರ್ಷ ಬೀಟಲ್ಸ್ ಬಂದರು. ಪಾಪ್ ಪಟ್ಟಿಯ ಆ ಎತ್ತರ ಸ್ಕೀಟರ್‌ಗೆ ಮತ್ತೆ ಸಿಗಲಿಲ್ಲ.

ಪಿಟೀಲುಗಳ ನಯ ಹಚ್ಚಿ ನ್ಯಾಶ್‌ವಿಲ್ ಆಗ ತನ್ನತನ ಮಾರಿಕೊಂಡಿತು ಎಂಬ ಆರೋಪ ಹಳೆಯದು. ಈ ಹಾಡಿನ ಮಟ್ಟಿಗೆ ನಾನದನ್ನು ಒಪ್ಪಲಾರೆ. ಕೊನೆಯಲ್ಲಿ ಶ್ರುತಿ ಏರಿದ ಮೇಲೆ ಆಕೆ ಹಾಡುವುದನ್ನು ಬಿಟ್ಟು ಸಾಲುಗಳನ್ನು ಸುಮ್ಮನೆ ಆಡುತ್ತಾಳಲ್ಲ, ಅಲ್ಲಿ ಯಾವ ಪಾಪ್ ಠೀವಿಯೂ ಇಲ್ಲ; ಅಡುಗೆಮನೆಯಲ್ಲಿ ಕೂತು ಸಂಕಟ ಹೇಳಿಕೊಳ್ಳುವ ಹೆಂಗಸಿದ್ದಾಳೆ. ಸ್ಕೀಟರ್ ಕಂಟ್ರಿಯನ್ನು ಬಿಟ್ಟು ಹೋದವಳಲ್ಲ, ಕೇಳುಗರನ್ನೇ ಅದರ ಬಳಿಗೆ ಕರೆತಂದವಳು.

ಆದರೂ ನ್ಯಾಶ್‌ವಿಲ್‌ನ ಹೆಸರಾಂತ ಕಂಟ್ರಿ ಸಂಗೀತ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿ 1973ರಲ್ಲಿ ಆಕೆಯನ್ನು ಅಮಾನತು ಮಾಡಿತು. ಕ್ರಿಸ್ತನ ಹೆಸರಲ್ಲಿ ಬೋಧಿಸುತ್ತಿದ್ದ ಯುವಜನರನ್ನು ಪೊಲೀಸರು ಬಂಧಿಸಿದ್ದನ್ನು ವೇದಿಕೆಯಲ್ಲೇ ಖಂಡಿಸಿದ್ದು ಆಕೆಯ ತಪ್ಪು. ಮರಳಿ ಕರೆಯಲು ವರ್ಷಕ್ಕೂ ಮಿಗಿಲಾಯಿತು. 2004ರಲ್ಲಿ ಸ್ಕೀಟರ್ ತೀರಿಕೊಂಡಳು; ಕಂಟ್ರಿ ಸಂಗೀತದ ಹಾಲ್ ಆಫ್ ಫೇಮ್ ಅಷ್ಟರೊಳಗೆ ಆಕೆಗೆ ಜಾಗ ಕೊಟ್ಟಿರಲಿಲ್ಲ. ಅದು ಅನ್ಯಾಯ.