ಬೆವರದ ಯಂತ್ರ

ದುಡಿಯುವ ದೇಹವನ್ನು ತಣಿಸಲು ಪ್ರಕೃತಿಯು ಬೆವರನ್ನು ಕರುಣಿಸಿದೆ. ಲ್ಯಾಪ್‌ಟಾಪಿಗೆ ಆ ಭಾಗ್ಯವಿಲ್ಲ. 1971ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ 4004 ಎಂಬ ಪ್ರೊಸೆಸರಿನಲ್ಲಿ ಸುಮಾರು 2300 ಟ್ರಾನ್ಸಿಸ್ಟರುಗಳಿದ್ದವು. ಇಂದಿನ ಪ್ರೊಸೆಸರಿನ ಪುಟ್ಟ ಸಿಲಿಕಾನ್ ಬಿಲ್ಲೆಯಲ್ಲಿ ಅವು ನೂರಾರು ಕೋಟಿ. ಆಟದ ಭರದಲ್ಲಿ ಅವು ಎಡೆಬಿಡದೆ ದುಡಿಯುವಾಗ, ವ್ಯಯವಾದ ವಿದ್ಯುತ್ತು ಕಾವಾಗಿ ಪರಿಣಮಿಸುತ್ತದೆ. ತಾಮ್ರದ ಕೊಳವೆಯೊಳಗಿನ ತುಸು ದ್ರವವು ಆ ಕಾವನ್ನು ಹೀರಿ ಆವಿಯಾಗಿ, ತಂಪಾದ ತುದಿಯಲ್ಲಿ ಮರಳಿ ದ್ರವವಾಗುತ್ತದೆ. ಅಲ್ಲಿ ಬಿಟ್ಟ ಕಾವನ್ನು ಕಿರುಫ್ಯಾನು ಹೊರದಬ್ಬುತ್ತದೆ. ಕಿಂಡಿಗಳಲ್ಲಿ ಧೂಳು ತುಂಬಿದರೆ, ಇಲ್ಲವೇ ಯಂತ್ರವನ್ನು ಮೆತ್ತನೆಯ ಹಾಸಿಗೆಯ ಮೇಲಿಟ್ಟರೆ, ಅದರ ಉಸಿರು ಕಟ್ಟಿದಂತೆಯೇ ಸರಿ.

ಉಷ್ಣತೆಯು 100 ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಏರಿದೊಡನೆ ಅನೇಕ ಪ್ರೊಸೆಸರುಗಳು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಪರದೆಯ ಮೇಲಿನ ಚಿತ್ರಗಳು ತಡವರಿಸುತ್ತವೆ. ಗೆಲುವಿನ ಹೊಸ್ತಿಲಲ್ಲಿದ್ದ ಬಾಲಕನು ಸಿಟ್ಟಿನಿಂದ ಮೇಜನ್ನು ಗುದ್ದುತ್ತಾನೆ. ಯಂತ್ರವು ಕೈಕೊಟ್ಟಿತೆಂಬುದು ಅವನ ದೂರು. ವಾಸ್ತವವಾಗಿ ಅದು ಕೆಡದಂತೆ ತನ್ನನ್ನು ಕಾಪಾಡಿಕೊಂಡಿತು! ದಣಿದಾಗ ನಿಧಾನಿಸುವ ಏರ್ಪಾಡನ್ನು ಮನುಷ್ಯನೇ ಯಂತ್ರಕ್ಕೆ ಅಳವಡಿಸಿದನು. ನಡುರಾತ್ರಿ ಕಳೆದರೂ ಕೆಂಗಣ್ಣುಗಳನ್ನು ಉಜ್ಜಿಕೊಳ್ಳುತ್ತ ಕುಳಿತ ಆ ಬಾಲಕನಿಗೆ ಮಾತ್ರ ಅದನ್ನು ಯಾರೂ ಅಳವಡಿಸಲಾರರು, ಅವನೇ ಕಲಿಯಬೇಕು.